ಸಿಡುಬು: ಮುಚ್ಚಿಡಲಾಗದ ರೋಗ

[ಪರದೆ ಮೇಲೆ: ಮೈಸೂರು ಅರಮನೆಯ ಮೂವರು ಹೆಣ್ಣುಮಕ್ಕಳ ತೈಲಚಿತ್ರ]

ನಮಸ್ಕಾರ. ಬಲಗಡೆ ನಿಂತಿರುವವರ ಕೈ ನೋಡಿ. ಇವರು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ. ಥಾಮಸ್ ಹಿಕಿ 1805ರ ಸುಮಾರಿಗೆ ಬರೆದ ಚಿತ್ರ. ಸೆರಗು ಸರಿಸಿ ಎಡತೋಳು ತೋರಿಸುತ್ತಿದ್ದಾರೆ, ಅಲ್ವಾ? ಸಿಡುಬಿನ ದಾಕು, ಅಂದರೆ ಲಸಿಕೆ, ಹಾಕಿಸಿಕೊಂಡ ಜಾಗ ಅದು ಎನ್ನುತ್ತಾರೆ ಇತಿಹಾಸಕಾರ ನೈಜೆಲ್ ಚಾನ್ಸೆಲರ್. ರಾಣಿಯೇ ಹಾಕಿಸಿಕೊಂಡರೆ ಜನರ ಹೆದರಿಕೆ ಕಮ್ಮಿ ಆಗುತ್ತದೆ.

ಹೆದರಿಕೆಯಂತೂ ಇದ್ದೇ ಇತ್ತು. ವೈರಸ್ ಮೈ ಹೊಕ್ಕ ಮೇಲೆ ಹತ್ತು-ಹನ್ನೆರಡು ದಿನ ಏನೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಸುಡುವ ಜ್ವರ, ತಲೆನೋವು, ಸೊಂಟ ಮುರಿಯುವಂಥ ನೋವು. ಎರಡು-ಮೂರು ದಿನಕ್ಕೆ ಜ್ವರ ಇಳಿಯಿತು, ಸದ್ಯ ಬದುಕಿದೆವು ಅಂದುಕೊಳ್ಳುವಷ್ಟರಲ್ಲಿ ನಾಲಿಗೆ ಮೇಲೆ ಕೆಂಪು ಚುಕ್ಕೆ. ಆಮೇಲೆ ಮುಖ, ತೋಳು, ಅಂಗೈ, ಅಂಗಾಲು. ಚುಕ್ಕೆ ಗುಳ್ಳೆಯಾಗಿ ಕೀವು ತುಂಬುತ್ತಿತ್ತು. ಮುಟ್ಟಿದರೆ ಚರ್ಮದೊಳಗೆ ಕಾಳುಮೆಣಸು ಹೂತಿಟ್ಟ ಹಾಗೆ ಗಟ್ಟಿ. ಎರಡು ವಾರಕ್ಕೆ ಹಕ್ಕಳೆ ಕಟ್ಟಿ, ಮೂರ್ನಾಲ್ಕು ವಾರಕ್ಕೆ ಉದುರುತ್ತಿತ್ತು. ಹತ್ತರಲ್ಲಿ ಸುಮಾರು ಮೂವರು ಉಳಿಯುತ್ತಿರಲಿಲ್ಲ. ಉಳಿದವರಲ್ಲಿ ಕೆಲವರ ಕಣ್ಣು ಹೋಗುತ್ತಿತ್ತು. ನಮ್ಮ ಹಿರಿಯರು ಇದನ್ನು ಅಮ್ಮ ಅಂದರು, ಹಾಸಿಗೆ ಪಕ್ಕ ಬೇವಿನ ಸೊಪ್ಪು ಇಟ್ಟರು. ಮದ್ದೇ ಇಲ್ಲದಾಗ ಇನ್ನೇನು ತಾನೇ ಮಾಡಿಯಾರು?

ಇಂಗ್ಲೆಂಡಿನ ಎಡ್ವರ್ಡ್ ಜೆನ್ನರ್ 1796ರಲ್ಲಿ ಹಸುವಿನ ಸಿಡುಬಿನಿಂದ ದಾಕು ಮಾಡಿದರು. ಅದು 1802ರಲ್ಲಿ ಬೊಂಬಾಯಿಗೆ ಬಂತು. ಅಲ್ಲಿಂದ ತೋಳಿನಿಂದ ತೋಳಿಗೆ ದಾಟುತ್ತಾ ಹರಡಿತು, ಅಂದರೆ ದಾಕು ಹಾಕಿಸಿಕೊಂಡವರ ತೋಳಿನ ಗುಳ್ಳೆಯ ರಸ ತೆಗೆದು ಇನ್ನೊಬ್ಬರ ತೋಳಿಗೆ ಹಾಕುತ್ತಿದ್ದರು.

[ಪರದೆ ಮೇಲೆ: ಎರಡು ಮೊನೆಯ ಸೂಜಿ]

ಆದರೂ 1974ರಲ್ಲಿ ಬಿಹಾರ ಸಿಡುಬಿನಿಂದ ತತ್ತರಿಸಿತು. ಆಗ ಕೈಹಿಡಿದದ್ದು ಈ ಪುಟ್ಟ ಸೂಜಿ. ತುದಿಯಲ್ಲಿ ಎರಡು ಮೊನೆ, ನಡುವೆ ಒಂದು ಹನಿ ಲಸಿಕೆ. ತೋಳಿನ ಮೇಲೆ ಹದಿನೈದು ಸಲ ಚುಚ್ಚಿದರೆ ಆಯಿತು. ಅಷ್ಟೇ ಮುಖ್ಯವಾದದ್ದು ಹುಡುಕಾಟ. ಸಿಡುಬು ಮನುಷ್ಯರಲ್ಲಿ ಮಾತ್ರ ಬದುಕುತ್ತಿತ್ತು, ಪ್ರಾಣಿಗಳಲ್ಲಿ ಅಡಗಲು ಜಾಗ ಇರಲಿಲ್ಲ. ರೋಗ ಬಂದಿದೆ ಅಂತ ರೋಗಿಯ ಮುಖವೇ ಹೇಳುತ್ತಿತ್ತು. ಕಾರ್ಯಕರ್ತರು ಸಿಡುಬೆದ್ದ ಮಗುವಿನ ಫೋಟೋ ಹಿಡಿದು ಮನೆಮನೆಗೆ ಹೋದರು. "ಇಂಥವರನ್ನು ಎಲ್ಲಾದರೂ ನೋಡಿದ್ದೀರಾ?" ಅಂತ ಕೇಳಿದರು. ಒಬ್ಬರು ಸಿಕ್ಕರೆ ಸುತ್ತಲಿನವರಿಗೆಲ್ಲ ದಾಕು. ಎಲ್ಲರಿಗೂ ಹಾಕುತ್ತಾ ಕೂತಿದ್ದರೆ ಇನ್ನೂ ಎಷ್ಟು ವರ್ಷ ಬೇಕಿತ್ತೋ! ಮರುವರ್ಷ, 1975ರ ಮೇ ತಿಂಗಳಲ್ಲಿ, ಭಾರತದ ಕೊನೆಯ ರೋಗಿ ಅಸ್ಸಾಮಿನಲ್ಲಿ ಸಿಕ್ಕರು.

ಪ್ರಪಂಚದಲ್ಲಿ ಸಹಜವಾಗಿ ಸಿಡುಬು ತಗುಲಿದ ಕೊನೆಯ ವ್ಯಕ್ತಿ ಸೊಮಾಲಿಯಾದ ಅಲಿ ಮಾವ್ ಮಾಲಿನ್. ಮೆರ್ಕಾ ಊರಿನ ಆಸ್ಪತ್ರೆಯ ಅಡುಗೆಯವರು. ನೋವಾಗುತ್ತದೆಂದು ದಾಕಿಗೆ ಹೆದರಿದ್ದರು. 1977ರ ಅಕ್ಟೋಬರ್‌ನಲ್ಲಿ ರೋಗಿಗಳಿದ್ದ ವಾಹನಕ್ಕೆ ದಾರಿ ತೋರಿಸಲು ಹತ್ತಿದರು. ಕೆಲವೇ ನಿಮಿಷದ ಪಯಣ. ಸಿಡುಬು ತಗುಲಿತು. ಪುಣ್ಯಕ್ಕೆ ಬದುಕಿದರು, ಅವರಿಂದ ಇನ್ನೊಬ್ಬರಿಗೆ ಹರಡಲಿಲ್ಲ. 1980ರ ಮೇ 8ರಂದು ಸಿಡುಬು ಇಲ್ಲವಾಯಿತೆಂದು ವಿಶ್ವ ಆರೋಗ್ಯ ಸಭೆ ಘೋಷಿಸಿತು. ಮಾಲಿನ್ ಮುಂದೆ ಪೋಲಿಯೊ ಲಸಿಕೆ ಕೆಲಸಕ್ಕೆ ಸೇರಿದರು. ಮಗುವಿಗೆ ಹನಿ ಹಾಕಿಸಲು ಹಿಂಜರಿಯುವ ತಾಯಂದಿರ ಮುಂದೆ ತಮ್ಮದೇ ಕಥೆ ಹೇಳುತ್ತಿದ್ದರು.