ಸೋತ ದಿನ ಮುಂದೆ ಬಂದು ಕೂತ ಯಜಮಾನ

ಕೇಳುಗರೇ, ನಮಸ್ಕಾರ.

ಜನವರಿ 3 ಇಸ್ರೋ ಅಧ್ಯಕ್ಷರಾಗಿದ್ದ ಪ್ರೊಫೆಸರ್ ಸತೀಶ್ ಧವನ್ ತೀರಿಕೊಂಡ ದಿನ. 2002ರಲ್ಲಿ, ನಮ್ಮ ಬೆಂಗಳೂರಿನಲ್ಲೇ. ಅವರ ಬಗ್ಗೆ ಮಾತಾಡಿ ಅಂತ ಆಕಾಶವಾಣಿಯವರು ಕರೆದಿದ್ದಾರೆ, ಖುಷಿಯಿಂದ ಬಂದಿದ್ದೇನೆ. ನಾನು ರಾಕೆಟ್ ಕಟ್ಟಿದವನಲ್ಲ, ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಪಾಠ ಹೇಳಿ ನಿವೃತ್ತನಾದವನು. ಅದಕ್ಕೇ ಇವತ್ತಿನ ಮಾತು ವಿಜ್ಞಾನಿಗಳಿಗಲ್ಲ. ಕೈಕೆಳಗೆ ನಾಲ್ಕು ಜನ ಇಟ್ಟುಕೊಂಡಿರುವವರಿಗೆ. ಪೀಣ್ಯದಲ್ಲಿ ಲೇತ್ ಮೆಷಿನ್ ಓಡಿಸುತ್ತಾ ರೇಡಿಯೋ ಹಾಕಿರುವ ಮಾಲೀಕರೇ, ಶಾಲೆಯ ಹೆಡ್ ಮಾಸ್ತರರೇ, ಬ್ಯಾಂಕಿನ ಮ್ಯಾನೇಜರರೇ, ಒಂದೆರಡು ನಿಮಿಷ ಕೈಕೆಲಸ ಬಿಟ್ಟು ಕೇಳಿ.

ಹೇಳುವುದು ಒಂದೇ ಮಾತು. ಸೋತಾಗ ಯಜಮಾನ ಮುಂದೆ ಬರಬೇಕು, ಗೆದ್ದಾಗ ಹಿಂದೆ ಸರಿಯಬೇಕು. ನಮ್ಮಲ್ಲಿ ನಡೆಯುವುದು ಇದರ ಉಲ್ಟಾ, ಅಲ್ವಾ? ಮದುವೆಮನೆಯಲ್ಲಿ ಊಟ ಚೆನ್ನಾಗಿದ್ದರೆ ಯಜಮಾನರ ಹೆಸರು, ಸಾರು ಉಪ್ಪಾದರೆ ಅಡುಗೆಯವನ ಹೆಸರು.

ಸರಿ, ಮನುಷ್ಯ ಯಾರು ಅಂತ ಮೊದಲು ಹೇಳಿಬಿಡುತ್ತೇನೆ. ಹುಟ್ಟಿದ್ದು 1920ರ ಸೆಪ್ಟೆಂಬರ್ 25, ಶ್ರೀನಗರದಲ್ಲಿ. ಓದಿದ್ದು ಲಾಹೋರಿನಲ್ಲಿ, ಅದೂ ಹೇಗೆ? ಗಣಿತ ಮತ್ತು ಭೌತಶಾಸ್ತ್ರದಲ್ಲಿ ಬಿ.ಎ., ಆಮೇಲೆ ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ., ಅದು ಸಾಲದು ಅಂತ ಮೆಕ್ಯಾನಿಕಲ್ ಎಂಜಿನಿಯರಿಂಗ್. ಈಗಿನ ಅಪ್ಪ ಅಮ್ಮ ಕೇಳಿದರೆ ಎದೆ ಒಡೆದುಕೊಳ್ಳುತ್ತಾರೆ! ಆಮೇಲೆ ಅಮೆರಿಕ, ಕ್ಯಾಲ್‌ಟೆಕ್‌ನಲ್ಲಿ ಪಿಎಚ್‌ಡಿ. 1951ರಲ್ಲಿ ಬೆಂಗಳೂರಿಗೆ ಬಂದು ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಈಗ ಎಲ್ಲರೂ ಐಐಎಸ್‌ಸಿ ಅನ್ನುತ್ತಾರೆ, ನಮ್ಮ ಆಟೋದವರಿಗೆ ಇವತ್ತಿಗೂ ಟಾಟಾ ಇನ್‌ಸ್ಟಿಟ್ಯೂಟೇ. 1962ರಲ್ಲಿ ಅದರ ನಿರ್ದೇಶಕರಾದಾಗ ಅವರಿಗೆ ಇನ್ನೂ 42. ಸುಮಾರು 19 ವರ್ಷ ಆ ಕುರ್ಚಿಯಲ್ಲಿದ್ದರು.

1971ರ ಡಿಸೆಂಬರ್ ಕೊನೆಗೆ, ದೇಶದ ಬಾಹ್ಯಾಕಾಶ ಕೆಲಸ ನಡೆಸುತ್ತಿದ್ದ ವಿಕ್ರಮ್ ಸಾರಾಭಾಯಿ ದಿಢೀರನೆ ತೀರಿಕೊಂಡರು. ಧವನ್ ಆಗ ಕ್ಯಾಲ್‌ಟೆಕ್‌ನಲ್ಲಿದ್ದರು. ಬಾಹ್ಯಾಕಾಶ ಕೆಲಸ ವಹಿಸಿಕೊಳ್ಳಿ ಅಂತ ಪ್ರಧಾನಿ ಇಂದಿರಾ ಗಾಂಧಿಯವರಿಂದ ಕರೆ ಬಂತು. ಬೇರೆ ಯಾರಾದರೂ ಆಗಿದ್ದರೆ ಅವತ್ತೇ ವಿಮಾನ ಹತ್ತುತ್ತಿದ್ದರು. ಇವರು ಒಪ್ಪಿಕೊಂಡೇ ಎರಡು ಷರತ್ತು ಹಾಕಿದರು. ಐಐಎಸ್‌ಸಿ ನಿರ್ದೇಶಕನಾಗಿಯೂ ಮುಂದುವರಿಯುತ್ತೇನೆ, ಮತ್ತೆ ಮುಖ್ಯ ಕಚೇರಿ ಬೆಂಗಳೂರಿನಲ್ಲೇ ಇರಬೇಕು. ಎರಡಕ್ಕೂ ಒಪ್ಪಿಗೆ ಸಿಕ್ಕಿತು. 1972ರಲ್ಲಿ ಇಸ್ರೋ ಅಧ್ಯಕ್ಷರಾದರು, 1984ರವರೆಗೆ ಇದ್ದರು. ಇವತ್ತು ನಾವು ಇಸ್ರೋ ನಮ್ಮೂರಿನದು ಅಂತ ಎದೆ ತಟ್ಟಿಕೊಳ್ಳುತ್ತೇವಲ್ಲ, ಅದಕ್ಕೆ ಆ ಎರಡನೇ ಷರತ್ತೇ ಕಾರಣ.

ಈಗ ನನಗೆ ಇಷ್ಟವಾದ ಕತೆಗೆ ಬರುತ್ತೇನೆ. ಗೊತ್ತಿರುವವರೂ ದಯವಿಟ್ಟು ಇನ್ನೊಮ್ಮೆ ಕೇಳಿ, ಮೊಬೈಲಿನಲ್ಲಿ ಬರುವ ನಾಲ್ಕು ಸಾಲಿನ ಫಾರ್ವರ್ಡ್‌ನಲ್ಲಿ ಇದರ ರುಚಿ ಗೊತ್ತಾಗುವುದಿಲ್ಲ.

1979ರ ಆಗಸ್ಟ್ 10, ಶ್ರೀಹರಿಕೋಟಾ. ಎಸ್‌ಎಲ್‌ವಿ-3 ಅನ್ನುವ ರಾಕೆಟ್ ನಿಂತಿದೆ. 22 ಮೀಟರ್ ಎತ್ತರ, 17 ಟನ್ ತೂಕ, ನಾಲ್ಕು ಹಂತ. ಉಪಗ್ರಹವನ್ನು ನಮ್ಮದೇ ರಾಕೆಟ್‌ನಲ್ಲಿ ಕಳಿಸುವ ಮೊದಲ ಪ್ರಯತ್ನ. ಇದಕ್ಕೆ ಮೊದಲು 1975ರಲ್ಲಿ ಆರ್ಯಭಟ ಹೋಗಿತ್ತು, ನಮ್ಮ ಉಡುಪಿ ಕಡೆಯ ಯು.ಆರ್. ರಾವ್ ಅವರ ತಂಡ ಪೀಣ್ಯದ ಶೆಡ್ಡುಗಳಲ್ಲಿ ಕೂತು ಕಟ್ಟಿದ ಉಪಗ್ರಹ. ಆದರೆ ಹೊತ್ತುಕೊಂಡು ಹೋದ ರಾಕೆಟ್ ರಷ್ಯದವರದು. ಈ ಸಲ ಹೊರುವ ಹೆಗಲೂ ನಮ್ಮದೇ. ಯೋಜನೆಯ ಮುಖ್ಯಸ್ಥರು ಎ.ಪಿ.ಜೆ. ಅಬ್ದುಲ್ ಕಲಾಂ.

ಹಾರಿಸುವುದಕ್ಕೆ ಕೆಲವೇ ನಿಮಿಷ ಇರುವಾಗ, ಈಗ ಹಾರಿಸಬೇಡಿ ಅಂತ ಕಂಪ್ಯೂಟರ್ ತಡೆಯಿತು. ತಜ್ಞರು ನೋಡಿ, ಸ್ವಲ್ಪ ಸೋರಿಕೆ ಇದೆ, ಆದರೂ ನಡೆಯುತ್ತದೆ ಅಂದರು. ಕಲಾಂ ಕಂಪ್ಯೂಟರಿನ ಮಾತು ಬದಿಗಿಟ್ಟು ಹಾರಿಸಲು ಹೇಳಿದರು. ಇದನ್ನು ಅವರೇ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ. ಮೊದಲ ಹಂತ ಚೆನ್ನಾಗಿ ಹೋಯಿತು. ಎರಡನೇ ಹಂತದಲ್ಲಿ ಒಂದು ವಾಲ್ವ್ ಕೈಕೊಟ್ಟಿತ್ತು, ರಾಕೆಟ್ಟನ್ನು ನೆಟ್ಟಗೆ ಇಡಬೇಕಾದ ನೈಟ್ರಿಕ್ ಆಮ್ಲ ಸೋರಿಹೋಗಿತ್ತು. ಹಿಡಿತ ತಪ್ಪಿತು. ಸುಮಾರು 5 ನಿಮಿಷದಲ್ಲಿ ಎಲ್ಲವೂ ಬಂಗಾಳ ಕೊಲ್ಲಿಯ ಪಾಲು.

ಈಗ ಯೋಚಿಸಿ. ವರ್ಷಗಟ್ಟಲೆ ದುಡಿದ ಕೆಲಸ, ಜನರ ದುಡ್ಡು, ಹೊರಗೆ ಪತ್ರಕರ್ತರು ಕಾಯುತ್ತಿದ್ದಾರೆ. ತೀರ್ಮಾನ ಯಾರದು ಅಂತಲೂ ಗೊತ್ತು. ನೀವು ಆ ಕುರ್ಚಿಯಲ್ಲಿದ್ದರೆ ಏನು ಮಾಡುತ್ತಿದ್ದಿರಿ? ಸುಮ್ನೆ ಹೇಳಿ, ಯಾರೂ ಕೇಳಿಸಿಕೊಳ್ಳುವುದಿಲ್ಲ. ನಾನು ಕಂಡ ಮೇಲಧಿಕಾರಿಗಳಲ್ಲಿ ಹೆಚ್ಚಿನವರು ಅವತ್ತೇ ಒಂದು ಮೆಮೋ ಟೈಪು ಮಾಡಿಸುತ್ತಿದ್ದರು, ಆಮೇಲೆ ಒಂದು ವಿಚಾರಣಾ ಸಮಿತಿ.

ಧವನ್ ಕಲಾಂ ಅವರನ್ನು ಜೊತೆಗೆ ಕರೆದುಕೊಂಡು ಪತ್ರಿಕಾಗೋಷ್ಠಿಗೆ ಹೋದರು. ಹೋಗಿ ತಾವೇ ಮಾತಾಡಿದರು. ನಾವು ಸೋತೆವು ಅಂದರು. ನನ್ನ ತಂಡದ ಮೇಲೆ ನನಗೆ ನಂಬಿಕೆಯಿದೆ, ಮುಂದಿನ ವರ್ಷದೊಳಗೆ ಇವರು ಗೆಲ್ಲುತ್ತಾರೆ, ನಾನು ಇವರ ಬೆನ್ನಿಗಿದ್ದೇನೆ ಅನ್ನುವ ಅರ್ಥದ ಮಾತು. ಪತ್ರಿಕೆಗಳು ಬೈದದ್ದೆಲ್ಲ ಯಜಮಾನರ ತಲೆಗೇ ಬಂತು. ಕೆಳಗಿನವರು ತಲೆ ಬಗ್ಗಿಸಿ ವಾಲ್ವ್ ಸರಿ ಮಾಡಿದರು.

1980ರ ಜುಲೈ 18ಕ್ಕೆ ಎಸ್‌ಎಲ್‌ವಿ-3 ಮತ್ತೆ ಹಾರಿತು. 35 ಕಿಲೋ ತೂಕದ ರೋಹಿಣಿ ಉಪಗ್ರಹ ಕಕ್ಷೆ ಸೇರಿತು. ಮತ್ತೆ ಪತ್ರಕರ್ತರು, ಈಗ ಹೂವಿನ ಹಾರದ ಹೊತ್ತು. ಧವನ್ ಕಲಾಂ ಅವರನ್ನು ಕರೆದು, ಇವತ್ತು ನೀವೇ ಹೋಗಿ ಮಾತಾಡಿ ಅಂದರು. ಅಷ್ಟೇ! ಇದಕ್ಕೊಂದು ತರಬೇತಿ ಶಿಬಿರ ಬೇಕಾ? ಪಂಚತಾರಾ ಹೋಟೆಲಿನಲ್ಲಿ ಎರಡು ದಿನ ಕೂರಿಸಿ, ಬಣ್ಣದ ಸ್ಲೈಡ್ ತೋರಿಸಿ ನಾಯಕತ್ವ ಕಲಿಸುವವರನ್ನು ಕಂಡರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ, ಕ್ಷಮಿಸಿ. ಸೋತಾಗ ಮುಂದೆ ಬನ್ನಿ, ಗೆದ್ದಾಗ ಹಿಂದೆ ಸರಿಯಿರಿ. ಕಲಾಂ ರಾಷ್ಟ್ರಪತಿಯಾದ ಮೇಲೂ ಊರೂರಿನ ಮಕ್ಕಳ ಮುಂದೆ ನಿಂತು ಈ ಕತೆ ಹೇಳುತ್ತಲೇ ಇದ್ದರು.

ಅಯ್ಯೋ, ಸಮಯ ಜಾಸ್ತಿ ಉಳಿದಿಲ್ಲ. ಬೇಗ ಹೇಳುತ್ತೇನೆ.

ಮನೆಯಲ್ಲಿ ಇವರೊಬ್ಬರೇ ವಿಜ್ಞಾನಿಯಲ್ಲ. ಹೆಂಡತಿ ನಳಿನಿ ಜೀವಕೋಶಗಳ ಒಳಗಿನ ಕ್ರೋಮೋಸೋಮುಗಳನ್ನು ಅಧ್ಯಯನ ಮಾಡಿದವರು. ಮಗಳು ಜ್ಯೋತ್ಸ್ನಾ ಧವನ್ ಹೈದರಾಬಾದಿನ ಸಿಸಿಎಂಬಿ ಅನ್ನುವ ಜೀವವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಹೆಸರು ಮಾಡಿದ ಜೀವಕೋಶ ವಿಜ್ಞಾನಿ. ಅಪ್ಪ ರಾಕೆಟ್‌ನವರು, ಮಗಳು ಅಮ್ಮನ ದಾರಿಗೆ ಹತ್ತಿರವಾದದ್ದನ್ನು ಹಿಡಿದರು. ನನಗೆ ಇದು ಬಹಳ ಹಿಡಿಸಿತು. ಮಕ್ಕಳನ್ನು ತನ್ನ ಕುರ್ಚಿಗೇ ತಯಾರು ಮಾಡುವ ಅಪ್ಪಂದಿರು ಎಷ್ಟು ಜನ ಬೇಕು ನಿಮಗೆ?

ಶಿಷ್ಯರ ವಿಷಯವೂ ಹಾಗೇ. ರೊದ್ದಂ ನರಸಿಂಹ ಗೊತ್ತಲ್ಲ, ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಹೇಳುತ್ತಾ ಕನ್ನಡದಲ್ಲಿ ವಿಜ್ಞಾನ ಬರೆದ ಆರ್.ಎಲ್. ನರಸಿಂಹಯ್ಯನವರ ಮಗ. ಅವರು ಧವನ್ ಕೈಕೆಳಗೆ ಪಳಗಿದವರು. ನುಣ್ಣಗೆ ಹರಿಯುವ ಗಾಳಿ ಹೇಗೆ ಗಲಿಬಿಲಿ ಆಗುತ್ತದೆ ಅನ್ನುವುದರ ಬಗ್ಗೆ ಇಬ್ಬರೂ ಸೇರಿ 1958ರಲ್ಲಿ ಬರೆದ ಲೇಖನವನ್ನು ಆ ಕ್ಷೇತ್ರದವರು ಇವತ್ತಿಗೂ ತೆಗೆದು ನೋಡುತ್ತಾರೆ.

ಇನ್ನೂ ಇದೆ. ಶ್ರೀಹರಿಕೋಟಾ ಪಕ್ಕದ ಪುಲಿಕಾಟ್ ಸರೋವರದ ಹಕ್ಕಿಗಳನ್ನು ನೋಡುತ್ತಾ ಅವು ಹಾರುವ ರೀತಿಯ ಬಗ್ಗೆಯೇ ಪುಸ್ತಕ ಬರೆದರು. ಅವರು ತೀರಿಕೊಂಡ ವರ್ಷವೇ ಶ್ರೀಹರಿಕೋಟಾದ ಕೇಂದ್ರಕ್ಕೆ ಅವರ ಹೆಸರಿಟ್ಟರು. ಮತ್ತೆ ಹಳ್ಳಿಯವರೇ, ನಿಮ್ಮಲ್ಲಿ ಕೆಲವರ ಅಡುಗೆಮನೆಯಲ್ಲಿ ಅಸ್ತ್ರ ಒಲೆ ಇತ್ತಲ್ಲ, ಹೊಗೆ ಕಡಿಮೆ, ಸೌದೆಯೂ ಕಡಿಮೆ? ಆ 'ಅಸ್ತ್ರ' ಅಂದರೆ ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನಕ್ಕಾಗಿ ಐಐಎಸ್‌ಸಿಯಲ್ಲಿ ಮಾಡಿದ ವಿಭಾಗ. ಅದು ಹುಟ್ಟಿದ್ದು 1974ರಲ್ಲಿ, ಇವರು ನಿರ್ದೇಶಕರಾಗಿದ್ದಾಗ, ಅಮೂಲ್ಯ ರೆಡ್ಡಿಯವರ ಕೈಯಲ್ಲಿ. ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಅಸ್ತ್ರದವರು ಕೇಂದ್ರವನ್ನೇ ಮಾಡಿಕೊಂಡು ಕೆಲಸ ಮಾಡಿದರು. ಅಲ್ಲೂ ಅಷ್ಟೇ, ಒಲೆಯ ಹೆಸರು ಹೇಳುವಾಗ ಯಾರೂ ಧವನ್ ಹೆಸರು ಹೇಳುವುದಿಲ್ಲ. ಒಲೆಯ ಕತೆಗೇ ಬೇರೆ ಒಂದು ದಿನ ಬೇಕು. ಕರೆದರೆ ಬರುತ್ತೇನೆ. ನಮಸ್ಕಾರ.