ನೆತ್ತಿಯವರೆಗೆ ಬಂದ ಬೇಸರ: ರೋಸಿಹೋದವರ ಸ್ಪ್ಯಾನಿಷ್ ಮಾತು ಮತ್ತು ಅದರ ಇಂಗ್ಲಿಷ್ ರೂಪಗಳು

ಮಾನ್ಯ ಸಭಿಕರೆ,

ಮೂರು ಸಲ ಕರೆದರೂ ಹಾಸಿಗೆ ಬಿಟ್ಟೇಳದ ಮಗನ ಕೋಣೆಯ ಬಾಗಿಲಲ್ಲಿ ನಿಂತ ಮ್ಯಾಡ್ರಿಡ್‌ನ ತಾಯಿಯೊಬ್ಬಳು "ಎಸ್ತೊಯ್ ಅಸ್ತಾ ಲಾ ಕೊರೊನೀಯಾ" ಎಂದರೆ, ಪದಕ್ಕೆ ಪದವಿಟ್ಟು ನೋಡಿದಾಗ ಅವಳು ಹೇಳಿದ್ದು "ನಾನು ನೆತ್ತಿಯವರೆಗೆ ಇದ್ದೇನೆ" ಎಂದಷ್ಟೆ. ನೆತ್ತಿಯವರೆಗೆ ಬಂದಿರುವುದು ಏನು ಎಂಬುದನ್ನು ಆ ವಾಕ್ಯ ತಿಳಿಸುವುದಿಲ್ಲ. ಕೇಳಿದವರಿಗೆ ಅದು ಗೊತ್ತಿರುವುದರಿಂದ ತಿಳಿಸಬೇಕಾಗಿಯೂ ಇಲ್ಲ. ಇಂಗ್ಲಿಷ್ ನಿಘಂಟನ್ನು ತೆರೆದರೆ ಈ ಮಾತಿನ ಎದುರಿಗೆ ಸಿಗುವುದು 'ಫೆಡ್ ಅಪ್' ಎಂಬ ಎರಡು ಪದಗಳು. ಅವಳು "ಅಸ್ತಾ ಲಾಸ್ ನಾರೀಥೆಸ್", ಅಂದರೆ ಮೂಗಿನವರೆಗೆ, ಎಂದಿದ್ದರೂ ನಿಘಂಟು ಫೆಡ್ ಅಪ್ ಎನ್ನುತ್ತದೆ. "ಅಸ್ತಾ ಎಲ್ ಮೊನ್ಯೊ", ಅಂದರೆ ತುರುಬಿನವರೆಗೆ, ಎಂದಿದ್ದರೂ ಫೆಡ್ ಅಪ್ ಎನ್ನುತ್ತದೆ. "ಅಸ್ತಾ ಎಲ್ ಗೊರ‍್ರೊ", ಅಂದರೆ ಟೊಪ್ಪಿಗೆಯವರೆಗೆ, ಎಂದಿದ್ದರೂ ಅದನ್ನೇ ಹೇಳುತ್ತದೆ.

ಈ ಒಂದು ಸಂಗತಿಯನ್ನು ಹಿಡಿದು ಇಂದು ನಾನು ಮಾತನಾಡಲು ಬಯಸುತ್ತೇನೆ. ಲೋರ್ಕಾ, ನೆರೂಡ, ಮಾರ್ಕೆಸ್ ಮೊದಲಾದ ಸ್ಪ್ಯಾನಿಷ್ ಭಾಷೆಯ ಲೇಖಕರು ಕನ್ನಡಕ್ಕೆ ಬಂದದ್ದು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕವೇ ಆದ್ದರಿಂದ, ಇಂಗ್ಲಿಷ್ ಎಲ್ಲಿ ಸಪ್ಪೆಯಾಗುತ್ತದೆಯೋ ಅಲ್ಲಿ ನಾವೂ ಸಪ್ಪೆಯಾಗುತ್ತೇವೆ. ಸಿಟ್ಟು, ದುಃಖ, ಪ್ರೀತಿ ಇವುಗಳಿಗೆ ಆಗುವ ನಷ್ಟ ಕಣ್ಣಿಗೆ ಬೀಳುತ್ತದೆ. ತಾಳ್ಮೆ ತೀರಿದವನ ಮಾತಿಗೆ ಆಗುವ ನಷ್ಟವನ್ನು ಮಾತ್ರ ಯಾರೂ ಗಮನಿಸುವುದಿಲ್ಲ. ನುಡಿಗಟ್ಟಿಗೆ ಸಮಾನವಾದದ್ದನ್ನು ಹುಡುಕುವಾಗ ನಾವು ಚಿತ್ರಕ್ಕೆ ಚಿತ್ರವನ್ನು ಜೋಡಿಸಲು ಹೊರಡುತ್ತೇವೆ. ಆದರೆ ತೂಗಬೇಕಾದದ್ದು ಚಿತ್ರವನ್ನಲ್ಲ, ಆ ಮಾತು ಎಷ್ಟು ತೂಕದ್ದು, ಯಾರು ಯಾರಿಗೆ ಆಡಬಹುದಾದದ್ದು ಎಂಬುದನ್ನು. ಇದು ನನ್ನ ನಂಬಿಕೆ, ಇದಕ್ಕೆ ಕಾರಣಗಳನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಮಟ್ಟದ ವಿಚಾರ. ಸ್ಪ್ಯಾನಿಷ್‌ನಲ್ಲಿ ರೋಸಿಹೋಗುವುದೆಂದರೆ ತುಂಬಿಹೋಗುವುದು. 'ಆರ್ತೊ' ಎಂಬ ಅತಿ ಸಾಮಾನ್ಯ ಪದವನ್ನೇ ತೆಗೆದುಕೊಳ್ಳಿ. ಬರವಣಿಗೆಯಲ್ಲಿ ಅದರ ಮೊದಲಿಗೆ ಹಕಾರವಿದೆ, ಉಚ್ಚಾರದಲ್ಲಿ ಇಲ್ಲ. "ಎಸ್ತೊಯ್ ಆರ್ತೊ" ಎಂದರೆ ನನಗೆ ಸಾಕಾಗಿಹೋಗಿದೆ ಎಂದರ್ಥ. ಈ ಪದ ಬಂದದ್ದು ತುರುಕು, ಒಳಗೆ ತುಂಬು ಎಂಬರ್ಥದ ಲ್ಯಾಟಿನ್ ಕ್ರಿಯಾಪದದಿಂದ. ಅದೇ ಬೇರಿನಿಂದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದದ್ದು 'ಫಾರ್ಸ್', ಅಂದರೆ ಪ್ರಹಸನ. ಅಡುಗೆಮನೆಯಲ್ಲಿ ಹೂರಣಕ್ಕೆ ಇದ್ದ ಹೆಸರು ಗಂಭೀರ ನಾಟಕಗಳ ನಡುವೆ ತುಂಬುತ್ತಿದ್ದ ನಗೆಯಾಟಕ್ಕೆ ಅಂಟಿಕೊಂಡಿತು. ಇಂಗ್ಲಿಷಿನ ಫೆಡ್ ಅಪ್ ಕೂಡ ಉಣ್ಣಿಸಿದ ಹೊಟ್ಟೆಯ ಮಾತೇ ಆಗಿರುವುದರಿಂದ, ಇವೆರಡರ ಮಟ್ಟಿಗೆ ಭಾಷೆಗಳು ಒಂದೇ ಪಂಕ್ತಿಯಲ್ಲಿ ಕುಳಿತಿವೆ. ನಮ್ಮ 'ಸಾಕು' ಕೂಡ ಅದೇ ಪಂಕ್ತಿಯದು. ಬಡಿಸುವವನಿಗೆ ಎಲೆಯ ಮೇಲೆ ಕೈ ಅಡ್ಡಹಿಡಿದು ಹೇಳುವ ಸಾಕು ಮತ್ತು ಬಾಳಿನಿಂದ ಬಳಲಿ ಹೇಳುವ ಸಾಕಪ್ಪಾ ಸಾಕು, ಎರಡೂ ಒಂದೇ ಪದ.

ಆದರೆ ಸ್ಪ್ಯಾನಿಷ್ ಅಲ್ಲಿಗೆ ನಿಲ್ಲದೆ ತುಂಬಿದ್ದು ಎಲ್ಲಿಯವರೆಗೆ ಬಂದಿದೆ ಎಂದು ಅಳೆದು ಹೇಳುತ್ತದೆ. ಮೂಗು, ನೆತ್ತಿ, ತುರುಬು, ಟೊಪ್ಪಿಗೆ ಎಂದು ಅಳತೆ ಏರುತ್ತ ಕೊನೆಗೆ ಮೈಯನ್ನೇ ದಾಟಿ ಹೋಗುತ್ತದೆ. ಮೂಗು ಒಂದೇ ಆದರೂ 'ನಾರೀಥೆಸ್' ಎಂಬುದು ಬಹುವಚನ. ಆದ್ದರಿಂದ ನಾನು ಅದನ್ನು ಹೊಳ್ಳೆಗಳೆಂದೇ ಓದಿಕೊಳ್ಳುತ್ತೇನೆ. ನೀರು ಹೊಳ್ಳೆಗಳನ್ನು ಮುಟ್ಟಿದ ಮೇಲೆ ಉಸಿರಿಗೆ ಜಾಗವಿಲ್ಲ. ಕನ್ನಡದಲ್ಲಿ ಮೂಗಿನ ಮಟ್ಟ ಎಂದರೆ ಊಟದ ಮಾತು, ಸಮೃದ್ಧಿಯ ಮಾತು. ಮೂಗಿನ ಮಟ್ಟ ತಿಂದವನು ರೋಸಿದವನಲ್ಲ, ಸುಖಿ. ಹಾಗಾಗಿ ಚಿತ್ರ ಒಂದೇ ಆಗಿದ್ದರೂ ಆ ದಾರಿ ನಮಗೆ ಮುಚ್ಚಿದೆ. ನೆತ್ತಿಯ ವಿಷಯದಲ್ಲಿ ಹಾಗಲ್ಲ: ಪಿತ್ತ ನೆತ್ತಿಗೇರಿತು ಎನ್ನುವಾಗ ನಮ್ಮ ಅಳತೆಗೋಲೂ ಅಲ್ಲಿಗೇ ತಲುಪುತ್ತದೆ, ಆದರೆ ಅದು ಸಿಟ್ಟಿನ ಸ್ಫೋಟಕ್ಕೆ ಸಲ್ಲುವ ಮಾತೇ ಹೊರತು ದಿನದಿನವೂ ಸವೆದುಹೋದ ತಾಳ್ಮೆಗೆ ಸಲ್ಲುವುದಲ್ಲ. ಇಂಗ್ಲಿಷಿನಲ್ಲಿ ಈ ಅಳತೆಗೆ ಹತ್ತಿರವಾದದ್ದು "ಐ ಹ್ಯಾವ್ ಹ್ಯಾಡ್ ಇಟ್ ಅಪ್ ಟು ಹಿಯರ್" ಎಂಬ ವಾಕ್ಯ. ಅದರ ಕೊನೆಯ ಪದ 'ಇಲ್ಲಿಯವರೆಗೆ' ಎಂದಷ್ಟೇ ಹೇಳುವುದರಿಂದ, ಕೈಯನ್ನು ಕುತ್ತಿಗೆಗೋ ಹಣೆಗೋ ಎತ್ತಿ ತೋರಿಸದೆ ವಾಕ್ಯ ಪೂರ್ಣವಾಗುವುದಿಲ್ಲ. ಪುಟದ ಮೇಲೆ ಆ ಕೈ ಇರುವುದಿಲ್ಲ.

ಈ ಏಣಿಯ ಮೆಟ್ಟಿಲುಗಳು ಬರೀ ಅಲಂಕಾರವಲ್ಲ. 'ಕೊರೊನೀಯಾ' ಎಂಬುದನ್ನು ಅಜ್ಜಿಯ ಎದುರಿಗೂ ಆಡಬಹುದು. 'ನಾರೀಥೆಸ್' ಸಲುಗೆಯ ಮಾತು, ಅದರಲ್ಲಿ ಸ್ವಲ್ಪ ಒರಟುತನವಿದೆ. ಅಳತೆ ಸೊಂಟದ ಕೆಳಗಿನ ಅಂಗಗಳಿಗೆ ಇಳಿದಾಗ ಅದು ಗೆಳೆಯರ ನಡುವಿನ, ಇಲ್ಲವೆ ಜಗಳದ ಮಾತಾಗುತ್ತದೆ. ಆ ಪದಗಳನ್ನು ಈ ವೇದಿಕೆಯಲ್ಲಿ ಉಚ್ಚರಿಸುವ ಅಗತ್ಯವಿಲ್ಲ. ಕಾದಂಬರಿಯಲ್ಲಿ ಪಾತ್ರವೊಂದು ಯಾವ ಮೆಟ್ಟಿಲಿನ ಮೇಲೆ ನಿಂತು ಮಾತನಾಡಿತು ಎಂಬುದರಿಂದ ಎದುರಿಗಿದ್ದವರ ಜೊತೆ ಅದಕ್ಕೆ ಎಂಥ ನಂಟು ಎಂಬುದು ಓದುಗನಿಗೆ ತಿಳಿಯುತ್ತದೆ. ಎಲ್ಲವನ್ನೂ ಫೆಡ್ ಅಪ್ ಎಂದು ಮಾಡಿದಾಗ ಕಳೆದುಹೋಗುವುದು ಈ ನಂಟು. ಬಯ್ಗುಳವನ್ನು ಮರೆಮಾಚುವ ಉಪಾಯ ಎರಡು ಭಾಷೆಗಳಲ್ಲೂ ಇದೆ. ಅಸಭ್ಯ ಪದವೊಂದು ನಾಲಗೆಯ ತುದಿಗೆ ಬಂದಾಗ ಸ್ಪ್ಯಾನಿಷ್ ಹೆಂಗಸು ಅದೇ ಮೊದಲಕ್ಷರಗಳಿರುವ 'ಮಿಯೆರ್ಕೊಲೆಸ್' ಎಂಬ ಪದಕ್ಕೆ, ಅಂದರೆ ಬುಧವಾರಕ್ಕೆ, ಹೊರಳುತ್ತಾಳೆ. ಇಂಗ್ಲಿಷ್ ಹೆಂಗಸು 'ಶುಗರ್' ಎನ್ನುತ್ತಾಳೆ. ಇಲ್ಲಿ ಬುಧವಾರವನ್ನು ಬುಧವಾರವೆಂದು ಅನುವಾದಿಸಿದವನಿಗೆ ಓದುಗನ ಕ್ಷಮೆ ಸಿಗಲಾರದು.

ಚಿತ್ರ ಹೊಂದಿಕೊಂಡೂ ಅರ್ಥ ಹೊಂದದಿರುವುದಕ್ಕೆ ಒಂದು ಉದಾಹರಣೆಯನ್ನು ವಿವರವಾಗಿ ನೋಡೋಣ. "ಸಕಾರ್ ದೆ ಕೀಥಿಯೊ" ಎಂದರೆ ಬಾಗಿಲನ್ನು ಅದು ತಿರುಗುವ ಕೀಲಿನ ನೆಲೆಯಿಂದ ಕಿತ್ತು ತೆಗೆಯುವುದು. ಸದಾ ತಡವಾಗಿ ಬರುವ ಗೆಳೆಯ, ಮಾತಿನ ಮಧ್ಯೆ ಬಾಯಿ ಹಾಕುವ ಸಂಬಂಧಿ, ಇಂಥವರು ನಮ್ಮನ್ನು ಹಾಗೆ ಕೀಲಿನಿಂದ ಕೀಳುತ್ತಾರೆ. ಇಂಗ್ಲಿಷಿನಲ್ಲಿ ಇದೇ ಚಿತ್ರವಿರುವ 'ಅನ್‌ಹಿಂಜ್ಡ್' ಎಂಬ ಪದವಿದೆ. ಆದರೆ ಅದಕ್ಕೆ ಬುದ್ಧಿ ಸ್ಥಿಮಿತ ತಪ್ಪಿದವನು ಎಂಬ ಅರ್ಥ. ಚಿತ್ರವನ್ನು ನಂಬಿದ ಅನುವಾದಕ ಬೇಸತ್ತ ಹೆಂಡತಿಯನ್ನು ಹುಚ್ಚಿಯಾಗಿಸಿಬಿಡುತ್ತಾನೆ. ಸರಿಯಾದ ಸಮಾನಪದ 'ಡ್ರೈವ್ ಅಪ್ ದ ವಾಲ್', ಗೋಡೆ ಹತ್ತಿಸುವುದು; ಸ್ಪ್ಯಾನಿಷ್‌ನಲ್ಲಿ ಸಿಟ್ಟಿಗೆ ಗೋಡೆ ಹತ್ತುವ ನುಡಿಗಟ್ಟು ಬೇರೆಯದೇ ಇದೆ. 'ಅಸ್ಪೆರ್', ಅಂದರೆ ಒರಟು, ಎಂಬ ಲ್ಯಾಟಿನ್ ಪದದಿಂದ ಹುಟ್ಟಿದ 'ಎಕ್ಸಾಸ್ಪರೇಟ್' ಎರಡೂ ಭಾಷೆಗಳಲ್ಲಿ ಅರ್ಥ ಕೆಡದೆ ಉಳಿದಿದೆ. 'ಮೊಲೆಸ್ತಾರ್' ಹಾಗೆ ಉಳಿದಿಲ್ಲ. ಸ್ಪ್ಯಾನಿಷ್‌ನಲ್ಲಿ ಅದು ತೊಂದರೆ ಕೊಡು ಎಂಬ ಸಾಧು ಪದ; ಹೋಟೆಲಿನ ಕೋಣೆಯ ಬಾಗಿಲಿಗೆ ತೂಗುಹಾಕುವ ಫಲಕದಲ್ಲಿ 'ನೊ ಮೊಲೆಸ್ತಾರ್' ಎಂದೇ ಇರುತ್ತದೆ. ಇಂಗ್ಲಿಷಿನಲ್ಲಿ ಅದೇ ಪದ ಲೈಂಗಿಕ ದೌರ್ಜನ್ಯವನ್ನು ಸೂಚಿಸುತ್ತದೆ. ನ್ಯಾಯಾಲಯದಲ್ಲಿ ಹೇಳಿಕೆಯನ್ನು ಭಾಷಾಂತರಿಸುವವರು ಇಲ್ಲಿ ಎಡವಿದರೆ ಒಬ್ಬ ಮನುಷ್ಯನ ಬದುಕೇ ಕೆಡಬಹುದು.

ತಾಳ್ಮೆ ಮುಗಿಯುವ ಕ್ಷಣಕ್ಕೂ ಹೀಗೆಯೇ ಬೇರೆ ಬೇರೆ ಲೋಕಗಳಿವೆ. ಸ್ಪ್ಯಾನಿಷರು ಕುದುರೆಯ ಮೇಲೆ ಕುಳಿತು ರಿಕಾಪುಗಳಿಂದ ಕಾಲು ಜಾರಿಸಿಕೊಳ್ಳುತ್ತಾರೆ: "ಪೆರ್ದೆರ್ ಲೊಸ್ ಎಸ್ತ್ರೀಬೊಸ್". ಇಂಗ್ಲಿಷಿನಲ್ಲಿ ಕೊಡಲಿ ಕಾವಿನಿಂದ ಹಾರಿಹೋಗುತ್ತದೆ, ಇಲ್ಲವೆ ಗೂಟಕ್ಕೆ ಕಟ್ಟಿದ ದನ ಹಗ್ಗದ ಕೊನೆ ಮುಟ್ಟಿ ನಿಲ್ಲುತ್ತದೆ. 'ಅಟ್ ಮೈ ವಿಟ್ಸ್ ಎಂಡ್', ಅಂದರೆ ನನ್ನ ಬುದ್ಧಿಯ ಕೊನೆ ಮುಟ್ಟಿದ್ದೇನೆ, ಎಂಬುದನ್ನು ಇಂಗ್ಲಿಷರ ಬಾಯಲ್ಲಿ ನೆಲೆಗೊಳಿಸಿದ್ದು ಬೈಬಲ್: 1611ರ ಇಂಗ್ಲಿಷ್ ಅನುವಾದದಲ್ಲಿ, 107ನೆಯ ಕೀರ್ತನೆಯಲ್ಲಿ, ಬಿರುಗಾಳಿಗೆ ಸಿಕ್ಕ ನಾವಿಕರ ಸ್ಥಿತಿಯನ್ನು ಹೇಳುವಾಗ ಈ ಮಾತು ಬರುತ್ತದೆ. ಹೀಬ್ರೂ ಮೂಲದಲ್ಲಿ ಇರುವುದು ಅವರ ಜ್ಞಾನವೆಲ್ಲ ನುಂಗಿಹೋಯಿತು ಎಂಬ ಮಾತು. ಇನ್ನು ಕೊನೆಯ ಹನಿಯ ವಿಚಾರ. ಸ್ಪ್ಯಾನಿಷ್‌ನಲ್ಲಿ ಲೋಟವನ್ನು ತುಂಬಿ ತುಳುಕಿಸುವ ಹನಿ, ಇಂಗ್ಲಿಷಿನಲ್ಲಿ ಒಂಟೆಯ ಬೆನ್ನು ಮುರಿಯುವ ಹುಲ್ಲುಕಡ್ಡಿ. ಇವೆರಡನ್ನೂ ಎಲ್ಲ ನಿಘಂಟುಗಳು ಸಮಾನವೆನ್ನುತ್ತವೆ, ಬಳಕೆಯಲ್ಲಿ ಅವು ಸಮಾನವೂ ಹೌದು. ಆದರೂ ತುಳುಕಿದ ಲೋಟವನ್ನು ಒರೆಸಿ ಮತ್ತೆ ಇಡಬಹುದು, ಮುರಿದ ಬೆನ್ನನ್ನು ಜೋಡಿಸಲಾಗದು ಎಂಬುದನ್ನು ಕವಿತೆಯ ಅನುವಾದಕ ಮರೆಯಬಾರದು.

ಅಟ್ಲಾಂಟಿಕ್ ದಾಟಿದರೆ ಪದಗಳೇ ಬದಲಾಗುತ್ತವೆ. ಚಿಲಿಯವನು ರೋಸಿಹೋದಾಗ ತಾನು 'ಚಾತೊ', ಚಪ್ಪಟೆ, ಎನ್ನುತ್ತಾನೆ. ವೆನೆಜುವೆಲಾದವನು 'ಒಬ್ಸ್ತಿನಾದೊ' ಎನ್ನುತ್ತಾನೆ. ಉಳಿದೆಡೆ ಆ ಪದಕ್ಕೆ ಹಟಮಾರಿ ಎಂದರ್ಥ. ಅರ್ಜೆಂಟೀನಾದವನು 'ಪೊದ್ರೀದೊ', ಕೊಳೆತುಹೋಗಿದ್ದೇನೆ, ಎನ್ನುತ್ತಾನೆ. ಮೆಕ್ಸಿಕೊದಲ್ಲಿ "ಎಸ್ತೊಯ್ ಅಸ್ತಾ ಲಾ ಮಾದ್ರೆ" ಎಂಬ ಮಾತಿದೆ. ಪದಶಃ 'ತಾಯಿಯವರೆಗೆ ಇದ್ದೇನೆ'. ಕಾಲಿಡಲು ಜಾಗವಿಲ್ಲದಂತೆ ತುಂಬಿದ ಬಸ್ಸನ್ನೂ ಅಲ್ಲಿ 'ಅಸ್ತಾ ಲಾ ಮಾದ್ರೆ' ಎನ್ನುವುದರಿಂದ, ಇಲ್ಲಿಯೂ ಇರುವುದು ತುಂಬುವಿಕೆಯ ಭಾವವೇ. ಇದು ಬೀದಿಯ ಮಾತು, ಸಭ್ಯ ಬರವಣಿಗೆಗೆ ಒಗ್ಗದ ಮಾತು.

2011ರ ಮಾರ್ಚ್ ತಿಂಗಳ ಕೊನೆಯಲ್ಲಿ ಮೆಕ್ಸಿಕೊದ ಕುಯೆರ್ನವಾಕಾ ಪಟ್ಟಣದ ಬಳಿ ಕವಿ ಹಾವಿಯೆರ್ ಸಿಸೀಲಿಯಾ ಅವರ ಮಗ ದುಷ್ಕರ್ಮಿಗಳ ಕೈಯಲ್ಲಿ ಕೊಲೆಯಾದ. ಮಾದಕವಸ್ತು ಜಾಲಗಳ ವಿರುದ್ಧ ಸರ್ಕಾರ ಸಾರಿದ ಯುದ್ಧದಲ್ಲಿ ಸಾವಿರಾರು ಜನ ಸಾಯುತ್ತಿದ್ದ ಕಾಲ ಅದು. ಸಿಸೀಲಿಯಾ ಮಗನಿಗಾಗಿ ಒಂದು ಕವಿತೆ ಬರೆದು, ಜಗತ್ತು ಇನ್ನು ಮಾತಿಗೆ ಯೋಗ್ಯವಾಗಿ ಉಳಿದಿಲ್ಲವೆಂದು ಹೇಳಿ ಕಾವ್ಯವನ್ನೇ ತೊರೆದರು. ಬಳಿಕ ರಾಜಕಾರಣಿಗಳಿಗೂ ಅಪರಾಧಿಗಳಿಗೂ ಒಟ್ಟಿಗೆ ಒಂದು ಬಹಿರಂಗ ಪತ್ರ ಬರೆದು, ಇಬ್ಬರಿಗೂ ಒಂದೇ ಮಾತನ್ನು ಹೇಳಿದರು: "ಎಸ್ತಾಮೊಸ್ ಅಸ್ತಾ ಲಾ ಮಾದ್ರೆ". ಜೀವನವಿಡೀ ಪದಗಳನ್ನು ಆರಿಸಿ ಬರೆದ, ಆಳವಾದ ಕ್ಯಾಥೊಲಿಕ್ ಶ್ರದ್ಧೆಯ ಕವಿಯೊಬ್ಬರು ಕಾವ್ಯವನ್ನು ತೊರೆದ ಮೇಲೆ ಆರಿಸಿಕೊಂಡದ್ದು ಬಸ್ಸಿನಲ್ಲಿ, ಸಂತೆಯಲ್ಲಿ ಕೇಳುವ ಈ ಒರಟು ನುಡಿಗಟ್ಟನ್ನು. ಮೇ ತಿಂಗಳಲ್ಲಿ ಕುಯೆರ್ನವಾಕಾದಿಂದ ಮೆಕ್ಸಿಕೊ ನಗರದವರೆಗೆ ನಡೆದ ಪಾದಯಾತ್ರೆಗೆ ಇದೇ ಘೋಷವಾಕ್ಯವಾಯಿತು.

ಇದನ್ನು ಇಂಗ್ಲಿಷಿನಲ್ಲಿ "ವಿ ಆರ್ ಫೆಡ್ ಅಪ್" ಎಂದರೆ ಅರ್ಥ ತಪ್ಪಲಿಲ್ಲ. ಆದರೆ ಮಳೆ ಬಿಡದಿದ್ದಾಗಲೂ, ರೈಲು ತಡವಾದಾಗಲೂ ಫೆಡ್ ಅಪ್ ಎನ್ನುವ ಭಾಷೆಯಲ್ಲಿ ಆ ತಂದೆಯ ಮಾತು ಪ್ರಯಾಣಿಕನ ಗೊಣಗಾಟದ ಮಟ್ಟಕ್ಕೆ ಇಳಿಯುತ್ತದೆ. 'ಅಪ್ ಟು ಹಿಯರ್' ಸ್ವಲ್ಪ ಮೇಲು. ಅದರಲ್ಲಿ ಮೈಯ ನೆನಪಾದರೂ ಇದೆ. ಮೂಲದಲ್ಲಿರುವ ತಾಯಿ ಮಾತ್ರ ಎರಡರಲ್ಲೂ ಇಲ್ಲ. ಕನ್ನಡಕ್ಕೆ ತರುವಾಗ "ನಾವು ಬೇಸತ್ತಿದ್ದೇವೆ" ಎಂದು ಬರೆಯುವುದನ್ನು ನಾನು ಒಪ್ಪುವುದಿಲ್ಲ. ಅದು ಮನವಿಪತ್ರದ ಭಾಷೆ. "ರೋಸಿಹೋಗಿದೆ ನಮಗೆ" ಎಂದು ಬರೆಯುತ್ತೇನೆ. ಅದರಲ್ಲಿ ಸಂತೆಯ ದನಿ ಇದೆ, ಆದರೆ ತಾಯಿ ಅಲ್ಲೂ ಇಲ್ಲ.

ಸುಲಭವಾಗಿ ಗಡಿ ದಾಟುವ ಮಾತೂ ಒಂದಿದೆ. 1994ರ ಜನವರಿ 1ರಂದು, ಉತ್ತರ ಅಮೆರಿಕದ ಮುಕ್ತ ವ್ಯಾಪಾರ ಒಪ್ಪಂದ ಜಾರಿಗೆ ಬಂದ ದಿನವೇ, ದಕ್ಷಿಣ ಮೆಕ್ಸಿಕೊದ ಚಿಯಾಪಾಸ್‌ನಲ್ಲಿ ದಂಗೆಯೆದ್ದ ಸಪಾತಿಸ್ತಾ ಮೂಲನಿವಾಸಿಗಳು ತಮ್ಮ ಘೋಷಣಾಪತ್ರದಲ್ಲಿ "ಇಂದು ನಾವು ಬಾಸ್ತಾ ಎನ್ನುತ್ತೇವೆ" ಎಂದರು; ಬಾಸ್ತಾ ಎಂದರೆ ಸಾಕು. ಐದು ವರ್ಷಗಳ ನಂತರ ಸ್ಪೇನ್‌ನ ಬಾಸ್ಕ್ ಪ್ರಾಂತ್ಯದಲ್ಲಿ ಇಟಿಎ ಎಂಬ ಸಶಸ್ತ್ರ ಪ್ರತ್ಯೇಕತಾವಾದಿ ಸಂಘಟನೆಯ ಹಿಂಸೆಯ ವಿರುದ್ಧ ನಾಗರಿಕರು ಕಟ್ಟಿಕೊಂಡ ವೇದಿಕೆಯ ಹೆಸರು 'ಬಾಸ್ತಾ ಯಾ'. ಅದಕ್ಕೆ 2000ದಲ್ಲಿ ಯುರೋಪಿಯನ್ ಸಂಸತ್ತಿನ ಸಖರೋವ್ ಪ್ರಶಸ್ತಿ ಬಂತು. ಬಂದೂಕು ಹಿಡಿದವರೂ ಬಂದೂಕನ್ನು ವಿರೋಧಿಸಿದವರೂ ಒಂದೇ ಪದವನ್ನು ಕೈಗೆತ್ತಿಕೊಂಡರು. ಇಂಗ್ಲಿಷಿನ 'ಇನಫ್' ಮತ್ತು ನಮ್ಮ 'ಸಾಕು' ಎರಡೂ ಈ ಪದದ ಭಾರವನ್ನು ಪೂರ್ಣವಾಗಿ ಹೊರುತ್ತವೆ.

ಕೊನೆಯದಾಗಿ ವ್ಯಾಕರಣದ ಒಂದು ಸಂಗತಿ. ರೋಸಿಹೋದ ಸ್ಪ್ಯಾನಿಷ್ ಭಾಷಿಕ ಎದುರಿಗಿದ್ದವನನ್ನು ಶತಾವರಿ ಹುರಿಯಲು ಹೋಗು ಎಂದು ಅಟ್ಟುತ್ತಾನೆ. ಇಂಗ್ಲಿಷಿನವನು ಗಾಳಿಪಟ ಹಾರಿಸು ಹೋಗು ಎನ್ನುತ್ತಾನೆ, ನಾವು ಕತ್ತೆ ಕಾಯಲು ಕಳಿಸುತ್ತೇವೆ. ಇವೆಲ್ಲ ಆಜ್ಞೆಗಳಾದ್ದರಿಂದ ತೊಡಕಿಲ್ಲ. ಆದರೆ ಎದುರಿಗಿಲ್ಲದವರನ್ನು ಅಟ್ಟಬೇಕಾದಾಗ ಸ್ಪ್ಯಾನಿಷ್ ಕ್ರಿಯಾಪದದ ಇನ್ನೊಂದು ರೂಪವನ್ನು ಬಳಸುತ್ತದೆ. 2001ರ ಡಿಸೆಂಬರ್‌ನಲ್ಲಿ ಬ್ಯಾಂಕುಗಳಲ್ಲಿಟ್ಟ ಹಣ ಕೈಗೆ ಸಿಗದೆ ಬ್ಯೂನಸ್ ಐರಿಸ್‌ನ ಜನ ಪಾತ್ರೆ ಬಡಿಯುತ್ತ ಬೀದಿಗಿಳಿದಾಗ ಕೂಗಿದ್ದು "ಕೆ ಸೆ ವಾಯಾನ್ ತೋದೊಸ್". ಇಂಗ್ಲಿಷ್ ಅದನ್ನು "ಅವರೆಲ್ಲರೂ ಹೋಗಲೇಬೇಕು" ಎಂಬರ್ಥ ಬರುವಂತೆ ತಿರುಗಿಸುತ್ತದೆ, ಅಲ್ಲಿಗೆ ಶಾಪ ಬೇಡಿಕೆಯಾಗಿಬಿಡುತ್ತದೆ. ಕನ್ನಡದಲ್ಲಿ ಒಂದೇ ಪ್ರತ್ಯಯ ಸಾಕು: "ಎಲ್ಲರೂ ತೊಲಗಲಿ!" ಹಾಳಾಗಲಿ, ಸುಟ್ಟುಹೋಗಲಿ ಎಂದು ನಮ್ಮ ಅಜ್ಜಿಯರು ಬಳಸಿದ ಆ 'ಅಲಿ' ಇಂಗ್ಲಿಷಿನ ನೆರವಿಲ್ಲದೆ ನೇರವಾಗಿ ಸ್ಪ್ಯಾನಿಷನ್ನು ಮುಟ್ಟುತ್ತದೆ. ಇಂಗ್ಲಿಷ್ ಅನುವಾದವನ್ನು ಮುಂದಿಟ್ಟುಕೊಂಡು ಕೆಲಸ ಮಾಡುವವರು ಇಂಥ ಕಡೆಗಳಲ್ಲಾದರೂ ಮೂಲವನ್ನು ಬಿಚ್ಚಿ ನೋಡಬೇಕೆಂಬುದು ನನ್ನ ಕೋರಿಕೆ.

1615ರಲ್ಲಿ ಪ್ರಕಟವಾದ 'ಡಾನ್ ಕ್ವಿಕ್ಸೋಟ್' ಎರಡನೆಯ ಭಾಗದ 43ನೆಯ ಅಧ್ಯಾಯದಲ್ಲಿ, ಸೇವಕ ಸಾಂಚೊ ಮಾತುಮಾತಿಗೂ ಗಾದೆ ಪೋಣಿಸುವುದನ್ನು ಕೇಳಿ ಕೇಳಿ ರೋಸಿಹೋದ ಯಜಮಾನ ಕೂಗುತ್ತಾನೆ: "ಅರವತ್ತು ಸಾವಿರ ಸೈತಾನರು ನಿನ್ನನ್ನೂ ನಿನ್ನ ಗಾದೆಗಳನ್ನೂ ಹೊತ್ತೊಯ್ಯಲಿ!" ಅಲ್ಲಿಯೂ ಅದೇ 'ಅಲಿ'. ಸಾಂಚೊ ಕೊಡುವ ಉತ್ತರದಲ್ಲಿ ಇಂದಿನ ಅರ್ಜೆಂಟೀನಾದವರು ರೋಸಿದಾಗ ಬಳಸುವ ಕೊಳೆಯುವ ಕ್ರಿಯಾಪದವೇ ಇದೆ: ನನ್ನ ಆಸ್ತಿಯನ್ನು ನಾನು ಬಳಸಿದರೆ ತಾವೇಕೆ ಕೊಳೆಯುತ್ತೀರಿ, ಗಾದೆಗಳ ಹೊರತು ನನಗೆ ಬೇರೆ ಆಸ್ತಿ ಏನಿದೆ? ಈಗಲೂ ಇಲ್ಲಿಗೆ ಸರಿಹೊಂದುವ ನಾಲ್ಕು ಗಾದೆ ನೆನಪಾಗುತ್ತಿವೆ, ಆದರೆ ಹೇಳುವುದಿಲ್ಲ ಎಂದು ಅವನು ಮಾತು ಮುಗಿಸುತ್ತಾನೆ. ಹೇಳದಿರುವುದಕ್ಕೆ ಕೊಡುವ ಕಾರಣವೂ ಒಂದು ಗಾದೆಯೇ.