‘ಶರಪಂಜರ’ದ ಮುಂದೆ ಹತ್ತು ಜನ ಕೂತಾಗ

ಎಲ್ಲರಿಗೂ ನಮಸ್ಕಾರ. ಬೆಳಗಾವಿಯಲ್ಲೂ ಸುತ್ತಲಿನ ತಾಲೂಕುಗಳಲ್ಲೂ ಓದುಗರ ಬಳಗ ನಡೆಸುವವರೇ ಇಲ್ಲಿ ಕೂತಿದ್ದೀರಿ. ಹಾಗಾಗಿ ಕಾದಂಬರಿಯ ಗುಣಗಾನ ಬಿಟ್ಟು ನೇರವಾಗಿ ಕೆಲಸದ ಮಾತಿಗೆ ಬರುತ್ತೇನೆ.

ತ್ರಿವೇಣಿಯವರ ‘ಶರಪಂಜರ’ವನ್ನು ಚರ್ಚೆಗೆ ಇಟ್ಟ ಸಂಜೆ ಹೆಚ್ಚಾಗಿ ಕೆಡುವುದು ಒಂದೇ ರೀತಿಯಲ್ಲಿ. ಹತ್ತು ನಿಮಿಷದೊಳಗೆ ಕೂಟ ಪಂಚಾಯಿತಿ ಕಟ್ಟೆಯಾಗುತ್ತದೆ. ಕಥಾನಾಯಕಿ ಕಾವೇರಿಯ ಗಂಡ ಸತೀಶ ಆರೋಪಿ, ಉಳಿದವರೆಲ್ಲ ಹಿರಿಯರು. ಅರ್ಧ ಮಂದಿ ‘ಎಲ್ಲಾ ಅವಂದಽ ತಪ್ಪು’ ಅಂತಾರೆ. ಇನ್ನರ್ಧ ಮಂದಿ ‘ಅವರರೆ ಏನ್ ಮಾಡಬೇಕಿತ್ರೀ ಪಾಪ, ಮನಿ ನೋಡಬೇಕು, ನೌಕರಿ ನೋಡಬೇಕು’ ಅಂತಾರೆ. ತೀರ್ಪು ಯಾವ ಕಡೆ ಬಿದ್ದರೂ ಕಾವೇರಿ ಮಾತ್ರ ಮಾತಿನಿಂದ ಜಾರಿಹೋಗಿರುತ್ತಾಳೆ. ಹೆರಿಗೆಯ ನಂತರ ಅವಳಿಗೆ ಮನಸ್ಸಿನ ಕಾಯಿಲೆ ಬಂತು, ಆಸ್ಪತ್ರೆಯಲ್ಲಿ ವಾಸಿಯಾಯಿತು, ಮನೆಗೆ ಬಂದಳು. ಆ ಮನೆ, ಆ ಓಣಿ ಅವಳನ್ನು ವಾಸಿಯಾದವಳೆಂದು ಒಪ್ಪಲಿಲ್ಲ. ಕಾದಂಬರಿಯ ಭಾರವೆಲ್ಲ ಈ ಮರಳಿ ಬರುವಿಕೆಯಲ್ಲಿದೆ. ಸಮಯದ ಅರ್ಧಕ್ಕಿಂತ ಹೆಚ್ಚು ಅಲ್ಲಿಗೇ ಕೊಡಬೇಕು ಎನ್ನುವುದು ನನ್ನ ವಾದ.

ಮೊದಲು ತಯಾರಿ. ಎಂಟರಿಂದ ಹನ್ನೆರಡು ಜನ ಸಾಕು. ಹದಿನೈದು ದಾಟಿದರೆ ನಾಲ್ವರು ಮಾತಾಡುತ್ತಾರೆ, ಉಳಿದವರು ತಲೆಯಾಡಿಸುತ್ತಾರೆ. ಪುಸ್ತಕ ನಾಲ್ಕು ವಾರ ಮುಂಚೆ ಕೈಗೆ ಸಿಗಲಿ. ವಾಟ್ಸಾಪ್ ಗುಂಪಿನಲ್ಲಿ ದಿನಾಂಕ ಹಾಕುವಾಗಲೇ ಎರಡು ಸಾಲು ಸೇರಿಸಿ: ಈ ಕಾದಂಬರಿಯಲ್ಲಿ ಬಾಣಂತಿಯ ಮಾನಸಿಕ ಕಾಯಿಲೆ, ಆಸ್ಪತ್ರೆ, ಗಂಡನ ದ್ರೋಹ ಬರುತ್ತವೆ, ಈ ಸಲ ಬೇಡ ಅನ್ನಿಸಿದವರು ಕಾರಣ ಹೇಳಬೇಕಿಲ್ಲ. ಈ ಕೊನೆಯ ಮಾತನ್ನು ಬರೆಯದೆ ಬಿಟ್ಟರೆ ಬರದವರಿಗೆ ‘ಯಾಕ ಬರಲಿಲ್ರೀ?’ ಅಂತ ಫೋನ್ ಹೋಗುತ್ತದೆ, ಮನೆಯಲ್ಲಿ ಮುಚ್ಚಿಟ್ಟದ್ದು ಗುಂಪಿಗೆ ಬಯಲಾಗುತ್ತದೆ. ಚರ್ಚೆ ನಡೆಸಲು ಇಬ್ಬರು ಬೇಕು. ಒಬ್ಬರು ಮಾತು ನಡೆಸುವವರು, ಇನ್ನೊಬ್ಬರು ಬಾಗಿಲ ಹತ್ತಿರ ಕೂತು ಮುಖಗಳನ್ನು ನೋಡುವವರು. ಎರಡನೆಯ ಕೆಲಸ ಸಣ್ಣದೆಂದು ತಿಳಿಯಬೇಡಿ.

ಒಂದು ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಮೊದಲ ಸುತ್ತಿನಲ್ಲಿ ಅಭಿಪ್ರಾಯ ಕೇಳಲೇಬೇಡಿ. ಪ್ರತಿಯೊಬ್ಬರೂ ತಮ್ಮನ್ನು ತಡೆದು ನಿಲ್ಲಿಸಿದ ನಾಲ್ಕೈದು ಸಾಲನ್ನು ಪುಟಸಂಖ್ಯೆ ಹೇಳಿ ಓದಲಿ, ತಲಾ ಎರಡು ನಿಮಿಷ. ಯಾರೂ ಉತ್ತರ ಕೊಡುವಂತಿಲ್ಲ. ಹತ್ತು ಜನರಿಗೆ ಇಪ್ಪತ್ತು ನಿಮಿಷ. ಮುಂದೆ ಯಾರಾದರೂ ಪಂಚಾಯಿತಿ ಶುರು ಮಾಡಿದರೆ ‘ಅಕ್ಕಾರ, ಅದು ಯಾವ ಪುಟದಾಗ ಐತ್ರಿ?’ ಎಂದು ಕೇಳುವ ಹಕ್ಕು ನಿಮಗೆ ಈ ಸುತ್ತಿನಿಂದಲೇ ಬರುತ್ತದೆ. ‘ಸಿನಿಮಾದಾಗ ಹಂಗಿತ್ತು’ ಎನ್ನುವವರೂ ಈ ಪ್ರಶ್ನೆಗೇ ಸಿಕ್ಕಿಬೀಳುತ್ತಾರೆ. ಪುಟ್ಟಣ್ಣ ಕಣಗಾಲರ ಚಿತ್ರ ಎಷ್ಟೋ ಜನರ ತಲೆಯಲ್ಲಿ ಪುಸ್ತಕದ ಜಾಗದಲ್ಲೇ ಕೂತಿದೆ; ಪುಸ್ತಕ ತೆರೆಯದೆ ಬಂದವರೂ ಕಲ್ಪನಾ ಅಭಿನಯದ ಬಲದ ಮೇಲೆ ಅರ್ಧ ಗಂಟೆ ಮಾತಾಡಬಲ್ಲರು. ಅದರಲ್ಲೂ ನಮ್ಮ ಜಿಲ್ಲೆಯಲ್ಲಿ ಮಾತು ಅಲ್ಲಿಗೇ ನಿಲ್ಲುವುದಿಲ್ಲ. 1979ರಲ್ಲಿ ಕಲ್ಪನಾ ತೀರಿಕೊಂಡದ್ದು ಸಂಕೇಶ್ವರದ ಹತ್ತಿರದ ಗೋಟೂರಿನಲ್ಲಿ. ಹುಕ್ಕೇರಿ ಕಡೆಯವರು ಒಬ್ಬರಿದ್ದರೂ ಆ ಬಂಗಲೆಯ ಸುದ್ದಿ ಬರುತ್ತದೆ, ಅದರ ಬೆನ್ನಿಗೆ ನಲವತ್ತು ವರ್ಷದ ಗಾಳಿಮಾತು. ಅದನ್ನು ಅಲ್ಲೇ ನಿಲ್ಲಿಸಿ. ನಿಜವಾಗಿ ಬದುಕಿ ಸತ್ತ ಒಬ್ಬ ಹೆಣ್ಣುಮಗಳನ್ನು ಪಾತ್ರದ ವಿವರಣೆಗೆ ಬಳಸುವುದು ಇಬ್ಬರಿಗೂ ಅನ್ಯಾಯ.

ಎರಡನೆಯ ಭಾಗಕ್ಕೆ ಐವತ್ತೈದು ನಿಮಿಷ. ಇಲ್ಲಿ ‘ಯಾಕೆ’ ಎಂಬ ಪ್ರಶ್ನೆ ಕೈಬಿಟ್ಟು ‘ಏನು ಬದಲಾಯಿತು’ ಎಂದು ಕೇಳಿ. ಆಸ್ಪತ್ರೆಗೆ ಹೋಗುವ ಮುಂಚೆ ಅವಳು ಮಾಡುತ್ತಿದ್ದ ಯಾವ ಕೆಲಸ ಈಗ ಅವಳ ಕೈಯಲ್ಲಿಲ್ಲ? ಅವಳು ಸಿಟ್ಟಾದಾಗ ಎದುರಿಗಿದ್ದವರ ಕಣ್ಣು ಎಲ್ಲಿ ಹೋಗುತ್ತದೆ? ಅವಳ ಬಗ್ಗೆ ಅವಳನ್ನು ಬಿಟ್ಟು ಯಾರು ಯಾರ ಹತ್ತಿರ ಮಾತಾಡುತ್ತಾರೆ? ಒಮ್ಮೆ ಕಾಯಿಲೆ ಬಿದ್ದವಳ ನಗು, ಅಳು, ಮೌನ ಎಲ್ಲವೂ ರೋಗದ ಗುರುತಾಗಿ ಓದಿಸಿಕೊಳ್ಳುತ್ತವೆ. ಬೇರೆಯವರ ಮನೆಯಲ್ಲಿ ಬರೀ ಜಗಳ ಎನಿಸಿಕೊಳ್ಳುವುದು ಅವಳ ಪಾಲಿಗೆ ‘ಮತ್ತ ಸುರು ಆತು’ ಆಗುತ್ತದೆ. ಓದುಗರು ಪುಟ ತಿರುವಿ ಇಂಥ ಐದಾರು ಜಾಗ ಹುಡುಕಿ ತೆಗೆದರೆ ಸತೀಶನ ಮೇಲೆ ತೀರ್ಪು ಕೊಡುವ ಅವಸರ ತಾನಾಗಿ ಇಳಿಯುತ್ತದೆ. ಅವನು ಮುಗ್ಧನೆಂದು ಸಾಬೀತಾಗಿದ್ದರಿಂದಲ್ಲ, ಆ ಕೆಲಸದಲ್ಲಿ ಅವನೊಬ್ಬನೇ ಇರಲಿಲ್ಲವೆಂದು ಕಾಣುವುದರಿಂದ.

ಇದಕ್ಕೆ ಬರೀ ಸಾಹಿತ್ಯದ ಸಾಕ್ಷಿ ಇಲ್ಲ. ಲಂಡನ್ನಿನಲ್ಲಿ ಸಂಶೋಧಕ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ಸ್ಕಿಜೋಫ್ರೀನಿಯಾ ಎಂಬ ತೀವ್ರ ಮನೋರೋಗದಿಂದ ಚೇತರಿಸಿಕೊಂಡು ಮನೆಗೆ ಮರಳಿದವರನ್ನು ಹಿಂಬಾಲಿಸಿ 1972ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಯವರ ಟೀಕೆ, ಹಗೆತನ ಮತ್ತು ಅತಿಯಾದ ಕಾಳಜಿ ಹೆಚ್ಚಿದ್ದ ಕಡೆ ಕಾಯಿಲೆ ಮರುಕಳಿಸಿದ್ದೂ ಹೆಚ್ಚು. ಅತಿಯಾದ ಕಾಳಜಿಯೂ ಆ ಪಟ್ಟಿಯಲ್ಲಿದೆ ಎಂದಾಗ ಕೂಟದಲ್ಲಿ ಒಂದಿಷ್ಟು ಹೊತ್ತು ಯಾರೂ ಮಾತಾಡುವುದಿಲ್ಲ. ಆದರೆ ಇದನ್ನು ಹೇಳುವಾಗ ಹುಷಾರು. ಮನೆಯವರೇ ಕಾಯಿಲೆ ತಂದರು ಎಂದು ಅದು ಹೇಳುವುದಿಲ್ಲ. ಮರುಕಳಿಸುವ ಸಾಧ್ಯತೆಯ ಮಾತು ಅದು, ಅದೂ ಬೇರೊಂದು ಕಾಯಿಲೆಯದು. ನಿಮ್ಮ ಎದುರಿಗೆ ಕೂತವರಲ್ಲಿ ಹತ್ತು ವರ್ಷದಿಂದ ಮಗನಿಗೆ ಗುಳಿಗೆ ಕೊಡುತ್ತಿರುವ ತಾಯಿ ಇರಬಹುದು.

ಕಾಯಿಲೆಯ ಬಗ್ಗೆ ಹದಿನೈದು ನಿಮಿಷ ಸಾಕು. ಆದರೆ ಹೇಳುವುದು ಸರಿ ಇರಬೇಕು, ಯಾಕೆಂದರೆ ಮೂರು ಬೇರೆ ಬೇರೆ ಸ್ಥಿತಿಗಳನ್ನು ಜನ ಕಲಸಿಬಿಡುತ್ತಾರೆ. ಹೆರಿಗೆಯಾದ ಮೂರನೆಯ ನಾಲ್ಕನೆಯ ದಿನ ಸುಮ್ಮಸುಮ್ಮನೆ ಅಳು ಬರುವುದು ತುಂಬಾ ಸಾಮಾನ್ಯ, ಎರಡು ವಾರದೊಳಗೆ ಹೋಗುತ್ತದೆ. ಎರಡು ವಾರ ದಾಟಿಯೂ ಬೇಸರ, ನಿರಾಸಕ್ತಿ ಉಳಿದರೆ ಅದು ಖಿನ್ನತೆ, ವೈದ್ಯರಿಗೆ ತೋರಿಸಬೇಕು. ಮೂರನೆಯದು ಹಳ್ಳಿಗಳಲ್ಲಿ ಬಾಣಂತಿ ಸನ್ನಿ ಎನ್ನುವುದು: ಸಾವಿರ ಹೆರಿಗೆಗೆ ಒಂದೋ ಎರಡೋ. ಹೆಚ್ಚಾಗಿ ಮೊದಲ ಎರಡು ವಾರದಲ್ಲೇ ಶುರುವಾಗುತ್ತದೆ. ನಿದ್ದೆ ಪೂರ್ತಿ ಹೋಗುತ್ತದೆ, ಇಲ್ಲದ ದನಿ ಕೇಳುತ್ತದೆ, ಮಗುವಿನ ಬಗ್ಗೆ ವಿಚಿತ್ರ ನಂಬಿಕೆ ಹುಟ್ಟುತ್ತದೆ. ತಾಯಿಗೂ ಮಗುವಿಗೂ ಅಪಾಯವಿರುವ ತುರ್ತು ಸ್ಥಿತಿ ಅದು. ದೇವರ ಹೇಳಿಕೆ ಕೇಳಿ ಬರುವಷ್ಟು ಹೊತ್ತು ಕಾಯುವಂತಿಲ್ಲ. ಚಿಕಿತ್ಸೆ ಸಿಕ್ಕರೆ ಬಹುತೇಕರು ಚೆನ್ನಾಗಿ ವಾಸಿಯಾಗುತ್ತಾರೆ, ಆದರೆ ಮುಂದಿನ ಹೆರಿಗೆಯಲ್ಲಿ ಮತ್ತೆ ಬರುವ ಸಾಧ್ಯತೆ ಬೇರೆಯವರಿಗಿಂತ ಬಹಳ ಹೆಚ್ಚು. ‘ಮನಸ್ಸಿಗೆ ಏನೋ ಹಚ್ಚಿಕೊಂಡಿದ್ದಳು, ಅದಕ್ಕಽ’ ಎಂಬ ಒಂದೇ ಕಾರಣದ ವಿವರಣೆ ನಿಲ್ಲುವುದಿಲ್ಲ. ಹಾರ್ಮೋನುಗಳ ದಿಢೀರ್ ಇಳಿತ, ನಿದ್ದೆಗೇಡು, ಹಿಂದೆ ಅವಳಿಗೋ ಮನೆತನದಲ್ಲೋ ಬೈಪೋಲಾರ್ ಕಾಯಿಲೆ (ಮನಸ್ಸು ಅತಿ ಉತ್ಸಾಹಕ್ಕೂ ಖಿನ್ನತೆಗೂ ಹೊರಳುವ ರೋಗ) ಇದ್ದದ್ದು, ಇವೆಲ್ಲ ಕೂಡಿರುತ್ತವೆ. ತ್ರಿವೇಣಿಯವರು ತೀರಿಕೊಂಡದ್ದು 1963ರಲ್ಲಿ. ತಾಯಿಯನ್ನು ಮಗುವಿನ ಜೊತೆಗೇ ದಾಖಲಿಸಿಕೊಳ್ಳುವ ವಾರ್ಡ್ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಶುರುವಾದದ್ದು 2009ರಲ್ಲಿ. ಕಾವೇರಿಯ ಕಾಲಕ್ಕೂ ನಮ್ಮ ಕಾಲಕ್ಕೂ ಇರುವ ದೂರ ಅಷ್ಟು.

ಇನ್ನು ಎಲ್ಲರೂ ಹೆದರುವ ಗಳಿಗೆ. ಯಾರೋ ಒಬ್ಬರು ‘ನಮ್ಮ ಅಕ್ಕಗೂ ಹಿಂಗಽ ಆಗಿತ್ತು’ ಅನ್ನುತ್ತಾರೆ. ಆಗ ಕೂಟ ಎರಡು ತಪ್ಪು ಮಾಡುತ್ತದೆ. ಒಂದು, ಪ್ರಶ್ನೆಗಳ ಮಳೆ: ಯಾವಾಗ, ಈಗ ಹ್ಯಾಂಗದಾರ, ಗಂಡ ಬಿಟ್ಟನೇನು. ಇನ್ನೊಂದು, ಉಪದೇಶ. ನಡೆಸುವವರು ಇಷ್ಟೇ ಹೇಳಿ: ‘ಹೇಳಿದ್ದು ಛಲೋ ಆತ್ರಿ. ಇಲ್ಲಿಗೇ ಬಿಡೋಣೋ, ಇನ್ನೂ ಹೇಳಬೇಕಂತೀರೋ?’ ಉತ್ತರ ಅವರದು. ಧಾರವಾಡದ ಹುಚ್ಚಾಸ್ಪತ್ರೆಯ ಹಳೆಯ ಚೇಷ್ಟೆ ಯಾರಾದರೂ ತೆಗೆದರೆ ನಗದೆ ಮುಂದೆ ಹೋಗಿ. ಆ ಆಸ್ಪತ್ರೆ ಇವತ್ತು ಡಿಮ್ಹಾನ್ಸ್, ನಮ್ಮ ಭಾಗದ ಎಷ್ಟೋ ಮನೆಗಳಿಗೆ ಅದೇ ಆಸರೆ.

ಒಂದು ಮಾತನ್ನು ಮಾತ್ರ ಉತ್ತರವಿಲ್ಲದೆ ಬಿಡಕೂಡದು: ‘ಆ ಗುಳಿಗಿ ಚಟಾ ಹತ್ತತಾವ, ಬಿಡಸ್ರಿ.’ ಮನೋವೈದ್ಯರನ್ನು ಕೇಳದೆ ಔಷಧ ತಟ್ಟನೆ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಅಪಾಯ ದೊಡ್ಡದು. ಇದನ್ನು ಎಲ್ಲರಿಗೂ ಕೇಳುವಂತೆ ಸ್ಪಷ್ಟವಾಗಿ ಹೇಳಿ, ಹಿರಿಯರಿಗೆ ಬೇಸರವಾದರೂ ಸರಿ.

ಯಾರಾದರೂ ಬದುಕುವುದು ಬೇಡವಾಗಿದೆ ಎಂಬರ್ಥದ ಮಾತಾಡಿದರೆ ಬಾಗಿಲ ಹತ್ತಿರ ಕೂತವರು ಅವರನ್ನು ಹೊರಗೆ ಕರೆದೊಯ್ದು ನೇರವಾಗಿ ಕೇಳಬೇಕು, ಸಾಯಬೇಕು ಅನ್ನಿಸುತ್ತಿದೆಯಾ ಎಂದು. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ಸುಳ್ಳು. ಒಂಟಿಯಾಗಿ ಬಿಡಬೇಡಿ. 14416ಕ್ಕೆ ಕರೆ ಮಾಡಿ. ಅದು 2022ರಲ್ಲಿ ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, ಉಚಿತ, ಹಗಲು ರಾತ್ರಿ, ಕನ್ನಡದಲ್ಲಿ ಮಾತಾಡುತ್ತಾರೆ. ಅಪಾಯ ಕಣ್ಣೆದುರಿಗಿದ್ದರೆ ಫೋನಿನ ಮೇಲೆ ಕೂರದೆ ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ತುರ್ತಿಲ್ಲದವರಿಗೆ ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಎಂಬ ಮಾನಸಿಕ ಆರೋಗ್ಯ ಶಿಬಿರವಿದೆ, ಹೋಗುವ ಮುಂಚೆ ಆ ವಾರ ವೈದ್ಯರು ಬರುತ್ತಾರೋ ವಿಚಾರಿಸಿ.

ಕೊನೆಯ ಹದಿನೈದು ನಿಮಿಷ ಚಹಾಕ್ಕೆ. ಮಧ್ಯದಲ್ಲಿ ಚಹಾ ಕೊಟ್ಟರೆ ಮಾತು ಕಡಿಯುತ್ತದೆ. ಕೊನೆಗೆ ಕೊಟ್ಟರೆ ಭಾರದಲ್ಲೇ ಎದ್ದು ಹೋಗುವವರು ಒಂದಿಷ್ಟು ನಿಲ್ಲುತ್ತಾರೆ. ಫೋಟೊ ತೆಗೆಯುವುದಿದ್ದರೆ ಚರ್ಚೆಗೆ ಮುಂಚೆಯೇ ತೆಗೆದುಬಿಡಿ, ಅತ್ತ ಮುಖ ಗುಂಪಿಗೆ ಹೋಗಬಾರದು. ವರದಿಯಲ್ಲಿ ಪುಸ್ತಕದ ಬಗ್ಗೆ ಆಡಿದ ಮಾತಷ್ಟೇ ಬರೆಯಿರಿ, ಮನೆಯ ಮಾತು ಯಾರ ಹೆಸರಿನಲ್ಲೂ ಬೇಡ. ಮುಂದಿನ ತಿಂಗಳಿಗೆ ಹಗುರಾದ ಪುಸ್ತಕ ಆರಿಸಿ. ಲಲಿತ ಪ್ರಬಂಧಗಳಾದರೂ ನಡೆದೀತು.